ಆರ್ಥರ್ ಅಂಕಲ್ ಮತ್ತು ನನ್ನ ಗದಗಿನ ‘ಜಲ್ದಿ’

ಅಮೆರಿಕದ ಫೋರ್ಟ್ ಮಿಲ್‌ಗೆ ಬಂದ ಮರುದಿನ ಪಕ್ಕದ ಮನೆಯ ಮೆಟ್ಟಿಲ ಮೇಲೆ ಒಬ್ಬ ಮುದುಕರು ಬೂಟುಗಳನ್ನು ತಲೆಕೆಳಗು ಮಾಡಿ ಪಟಪಟ ಬಡಿಯುತ್ತಿದ್ದರು. ನನ್ನನ್ನು ಕಂಡು, “ಚೇಳು ಇರುತ್ತೆ, ನೋಡಿ ಹಾಕ್ಕೋ” ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿದರು. ಅಮೆರಿಕದ ಬಗ್ಗೆ ಊರಿನವರು ಏನೇನೋ ಹೇಳಿ ಹೆದರಿಸಿ ಕಳಿಸಿದ್ದರು. ಚೇಳಿನ ಸುದ್ದಿ ಮಾತ್ರ ಯಾರೂ ಎತ್ತಿರಲಿಲ್ಲ.

ಎಲ್ಲರೂ ಮಾಸ್ಕ್ ಹಾಕಿಕೊಂಡು ಒಬ್ಬರಿಂದೊಬ್ಬರು ದೂರ ಸರಿಯುತ್ತಿದ್ದ ವರ್ಷ ಅದು. ಆರ್ಥರ್ ಅಂಕಲ್ ಇಂಗ್ಲೆಂಡಿನವರು. ಎರಡನೇ ಮಹಾಯುದ್ಧದಲ್ಲಿ, ಹರೆಯದ ಬ್ರಿಟಿಷ್ ಸಿಪಾಯಿಯಾಗಿ ಬರ್ಮಾದ ಕಾಡಿನಲ್ಲಿ ಜಪಾನಿಯರ ವಿರುದ್ಧ ಹೋರಾಡಿ, ಮುಪ್ಪಿನಲ್ಲಿ ಮಗಳ ಹಿಂದೆ ಇಲ್ಲಿಗೆ ಬಂದವರು. ಮಗಳು ಜೂಲಿ ಆಸ್ಪತ್ರೆಯಲ್ಲಿ ನರ್ಸ್. ಆಕೆ ಡ್ಯೂಟಿಗೆ ಹೋದಾಗ ಮಧ್ಯಾಹ್ನ ಅವರ ಜೊತೆ ಕೂರಲು ಒಪ್ಪಿಕೊಂಡೆ. ನನ್ನ ಗಂಡನಿಗೆ ಇದು ಸರಿಬರಲಿಲ್ಲ.

“ಮುದುಕಗ ಏನರ ಆತಂದ್ರ ಕೇಸ್ ಹಾಕ್ತಾರ. ನಮ್ಮ ವೀಸಾಕ್ಕ ತೊಂದ್ರಿ ಆಗ್ತದ, ನೋಡು.”

ನಮ್ಮೂರು ಗದಗಿನಲ್ಲಿ ಅಜ್ಜ ಬಿದ್ದರೆ ಓಣಿಯೇ ಓಡಿ ಬರುತ್ತದೆ. ಇಲ್ಲಿ, ಬಿದ್ದಾಗ ಪಕ್ಕದಲ್ಲಿ ಯಾರಿದ್ದರು ಎಂದು ಮೊದಲು ಕೇಳುತ್ತಾರಂತೆ. ಅಂಜಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದಿನಾ ಹೋಗುತ್ತಿದ್ದೆ.

ಅಂಕಲ್‌ಗೆ ಮರೆವು ಶುರುವಾಗಿತ್ತು, ಆದರೆ ಯುದ್ಧ ಮಾತ್ರ ನಿನ್ನೆಯದೆಂಬಂತೆ ನೆನಪಿತ್ತು. ಕಹಿ ಮಾತ್ರೆ ಹಾಕಿದ ನೀರು, ವಾರಗಟ್ಟಲೆ ಒಣಗದ ಕಾಲುಚೀಲ, ಸೀಮೆಎಣ್ಣೆ ವಾಸನೆಯ ಚಹಾ. ಕತ್ತಲಾದ ಮೇಲೆ ಕಂದಕದಿಂದ ಎದ್ದು ಒಂದಕ್ಕೆ ಹೋಗಲೂ ಹೆದರಿಕೆ, ಏಕೆಂದರೆ ಅಲ್ಲಾಡಿದವನ ಮೇಲೆ ತಮ್ಮವರೇ ಗುಂಡು ಹಾರಿಸಿಬಿಡುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ದನಿ ತಾನಾಗಿಯೇ ತಗ್ಗುತ್ತಿತ್ತು.

ಹಿಂದೂಸ್ತಾನಿ ಸಿಪಾಯಿಗಳಿಂದ ಕಲಿತ ಕೆಲವು ಮಾತುಗಳು ಅವರ ನಾಲಿಗೆಯ ಮೇಲೆ ಉಳಿದಿದ್ದವು. ನಮ್ಮ ಗದಗಿನವರ ಹಾಗೆಯೇ “ಚಾ” ಎನ್ನುತ್ತಿದ್ದರು, “ಜಲ್ದಿ” ಎನ್ನುತ್ತಿದ್ದರು. ಇಲ್ಲಿನ ಬೆಂಗಳೂರಿನ ಗೆಳತಿಯರು “ಟೀ ಅನ್ರೀ, ಚಾ ಏನು!” ಎಂದು ನನ್ನನ್ನು ಕಾಡಿಸುತ್ತಾರೆ. ನನ್ನ ಊರಿನ ಮಾತಿಗೆ ನಗದವರು ಈ ಇಂಗ್ಲಿಷ್ ಮುದುಕರೊಬ್ಬರೇ ಎಂದು ನನಗೆ ಒಳಗೊಳಗೇ ಖುಷಿ.

ಒಂದು ಮಧ್ಯಾಹ್ನ ಮೋಡ ಕವಿದು ಗುಡುಗತೊಡಗಿತು. ನನ್ನ ಮಗಳು ಅನಘಾ ಅಂಕಲ್ ಮನೆಯ ಹಿತ್ತಲಲ್ಲಿ ಆಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, “ಒಳಗ ಬಾ! ಜಲ್ದಿ, ಜಲ್ದಿ!” ಎಂದು ಕೂಗಿದೆ.

ಬೆನ್ನ ಹಿಂದೆ ಕುರ್ಚಿ ಉರುಳಿತು. ನನ್ನ ಜಲ್ದಿ ಮಕ್ಕಳನ್ನು ಕರೆಯುವ ಜಲ್ದಿ. ಅಂಕಲ್ ಕೇಳಿಸಿಕೊಂಡದ್ದು ಕಂದಕಕ್ಕೆ ಓಡುವ ಜಲ್ದಿ. ಗಡಬಡಿಸಿ ಎದ್ದು, ಎಡವಿ, ಮೇಜಿನ ಅಂಚು ಹಣೆಗೆ ಬಡಿದು, ಅದರ ಕೆಳಗೇ ನುಸುಳಿ ಕುಳಿತಿದ್ದರು. ಮುಖದ ಮೇಲೆಲ್ಲ ರಕ್ತ. ಎಬ್ಬಿಸಲು ಬಗ್ಗಿದರೆ ನನ್ನ ಕೈ ಹಿಡಿದು ಒಳಕ್ಕೆಳೆದರು.

“ಸದ್ದು ಮಾಡಬೇಡ. ಹೊರಗಿದ್ದಾರೆ” ಎಂದು ಪಿಸುಗುಟ್ಟಿದರು.

ಓಡಿ ಬಂದ ಅನಘಾ, “ಅಮ್ಮಾ, ನೈನ್ ಒನ್ ಒನ್ ಕಾಲ್ ಮಾಡ್ಲಾ?” ಎಂದಳು. ಆಂಬುಲೆನ್ಸಿಗೂ ಪೊಲೀಸರಿಗೂ ಇಲ್ಲಿ ಅದೊಂದೇ ನಂಬರು. ಗಂಡನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಪರರ ಮನೆ, ರಕ್ತ ಸೋರುವ ಬಿಳಿಯ ಮುದುಕ, ಅದೇ ರಕ್ತ ಹತ್ತಿದ ನನ್ನ ಕೈ.

“ಮಾಡವಾ” ಎಂದೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮೇಜಿನ ಕೆಳಗಿನಿಂದ ನಮಗೆ ಕಂಡದ್ದು ಬರೀ ಕಾಲುಗಳು, ಮತ್ತು ಒಬ್ಬನ ಸೊಂಟದ ಪಿಸ್ತೂಲು. ಅಂಕಲ್ ಹಿಡಿತ ಬಿಗಿಯಾಯಿತು.

“ನಮ್ಮವರಾ, ಅವರಾ?” ಎಂದರು.

ನನಗೂ ಅದೇ ಗೊತ್ತಾಗಬೇಕಿತ್ತು. “ನಮ್ಮವರೇ ಅಂಕಲ್” ಎಂದೆ. ಅವರು ನಂಬಿ ಕೈ ಬಿಟ್ಟರು.

ಆಂಬುಲೆನ್ಸಿನವರು ಗಾಯ ತೊಳೆದು ಪಟ್ಟಿ ಕಟ್ಟಿ, ಆಸ್ಪತ್ರೆ ಬೇಕಿಲ್ಲ ಎಂದರು. ಫೋನಿನಲ್ಲಿ ಜೂಲಿ ಅಳುತ್ತಲೇ ನನಗೆ ಥ್ಯಾಂಕ್ಸ್ ಹೇಳಿದಳು. ಪಿಸ್ತೂಲಿನವನು ಪೊಲೀಸು. ನನ್ನ ಕಡೆ ತಿರುಗಿ, ಮೆತ್ತಗೆಯೇ ಕೇಳಿದ.

“ಮೇಡಂ, ನೀವು ಇಲ್ಲೇ ಇರೋರಾ?”

ಹೌದು ಎಂದೆ. ಮರುಕ್ಷಣವೇ ಹೆದರಿ, ಇಲ್ಲ ಎಂದೆ. ಎರಡರಲ್ಲಿ ಯಾವುದು ಸುಳ್ಳು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.