ಫಿಫ್ಟಿ ಒನ್ ಪೆಗ್

2014ರ ನವೆಂಬರ್ ತಿಂಗಳು. ನಾವಾಗ ಯಲಹಂಕದ ಪುಟ್ಟೇನಹಳ್ಳಿಯಲ್ಲಿದ್ದೆವು. ನನ್ನ ಯಜಮಾನರು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಅವರಿಗೆ ಆಕಾಶದ ಹುಚ್ಚು. ನಕ್ಷತ್ರದ ಹೆಸರು ಟೈಪ್ ಮಾಡಿದರೆ ಅದು ಆಕಾಶದಲ್ಲಿ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಒಂದನ್ನು ವಿದ್ಯಾರ್ಥಿಗಳಿಗಾಗಿ ತಾವೇ ಬರೆಯುತ್ತಿದ್ದರು. ಗ್ರಹಗಳಿರುವ ದೂರದ ನಕ್ಷತ್ರಗಳನ್ನೂ ಅದಕ್ಕೆ ಸೇರಿಸುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕರೆದೆ. "ಇದೊಂದು ಹೆಸ್ರು ಹೊಡೆದ್ರೆ ಸಿಗ್ತಿಲ್ಲ ಕಣೇ. ಸರಿ ಮಾಡ್ಬಿಟ್ಟು ಬರ್ತೀನಿ" ಎಂದರು. ಉಪ್ಪಿಟ್ಟು ಆರಿಹೋಯಿತೆಂದು ಮತ್ತೆ ಕರೆಯಲು ಹೋದಾಗ ಕುರ್ಚಿಯಿಂದ ಕೆಳಗೆ ಬಿದ್ದಿದ್ದರು. ಪಾರ್ಶ್ವವಾಯು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತೂ ಹೋಗಿತ್ತು. ನನ್ನ ಹೆಸರು ಕೂಡ ಬಾಯಿಗೆ ಬರಲಿಲ್ಲ. ಉಳಿದಿದ್ದು ಒಂದೇ ಮಾತು: "ಫಿಫ್ಟಿ ಒನ್... ಪೆಗ್."

ಅವರ ಅಣ್ಣ ಚಿಕ್ಕಬಾಣಾವರದಿಂದ ಓಡಿಬಂದಿದ್ದರು. "ಏನಮ್ಮಾ ಇದು, ಈ ಸ್ಥಿತೀಲೂ ಪೆಗ್ ಕೇಳ್ತಾವ್ನೆ! ಯಾವಾಗಿಂದ ಇಂಗೆ?" ಎಂದರು.

"ಇಲ್ಲ ಭಾವ, ಅವ್ರು ಒಂದಿನಾನೂ ಮುಟ್ಟಿದೋರಲ್ಲ" ಎಂದೆ. ಅವರು ನಂಬಲಿಲ್ಲ.

ನೋಡಲು ಬಂದ ನೆಂಟರು ಬಾಗಿಲಾಚೆ ನಿಂತು ನಕ್ಕಿದ್ದು ನನಗೆ ಕೇಳಿಸಿತು. "ಒಂದೆರಡಲ್ವಂತೆ, ಐವತ್ತೊಂದಂತೆ!" ಯಜಮಾನರಿಗೂ ಕೇಳಿಸಿರಬೇಕು. ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಮನೆಗೆ ಕರೆತಂದ ದಿನ ಎಡಗೈಯಿಂದ ನನ್ನ ಸೆರಗು ಎಳೆದು ಕಂಪ್ಯೂಟರ್ ತೋರಿಸಿದರು. ಆನ್ ಮಾಡಿ ಅವರ ಸಾಫ್ಟ್‌ವೇರ್ ತೆರೆದೆ. ಏನು ಹೊಡೆಯಬೇಕೆಂದು ತಿಳಿಯದೆ ಅವರ ಮುಖ ನೋಡಿದೆ.

"ಫಿಫ್ಟಿ ಒನ್ ಪೆಗ್" ಎಂದರು.

ಹಾಗೆಯೇ ಟೈಪ್ ಮಾಡಿದೆ. ಪರದೆಯ ಆಕಾಶ ಸರ್ರನೆ ತಿರುಗಿ ಒಂದು ಚುಕ್ಕಿಯ ಮೇಲೆ ನಿಂತಿತು. ಪಕ್ಕದಲ್ಲಿ ಅದರ ಸ್ಥಾನದ ಅಂಕಿಗಳು, ಕೆಳಗೆ ಪೂರ್ತಿ ಹೆಸರು: 51 ಪೆಗಾಸಿ. ನಮ್ಮ ಸೂರ್ಯನಂಥದೇ ಒಂದು ನಕ್ಷತ್ರ, ಅದಕ್ಕೊಂದು ಗ್ರಹವೂ ಇದೆಯಂತೆ.

"ಅವತ್ತು ಸಿಗ್ತಿಲ್ಲ ಅಂದ್ರಲ್ಲ, ಅದು ಇದೇನಾ?"

ತಲೆಯಾಡಿಸಿದರು. ಬೀಳುವ ಮುಂಚೆಯೇ ಅದನ್ನು ಸರಿ ಮಾಡಿದ್ದರು, ಪರೀಕ್ಷಿಸಿ ನೋಡಲು ಮಾತ್ರ ಆಗಿರಲಿಲ್ಲ.

"ಸಿಕ್ತು ಕಣ್ರೀ, ನೋಡಿ, ಸಿಕ್ತು" ಎಂದೆ. ಅವರ ಕಣ್ಣಿಂದ ನೀರಿಳಿಯಿತು. ಆಮೇಲೆ ಆ ಮಾತನ್ನು ಅವರು ಆಡಲಿಲ್ಲ. ಬೇರೆ ಮಾತೂ ಬರಲಿಲ್ಲ.

ಭಾವನವರನ್ನು ಕರೆಸಿ ತೋರಿಸಿದೆ. "ತಪ್ಪಾಯ್ತು ಕಣೋ" ಎಂದು ತಮ್ಮನ ಕಾಲ ಬಳಿ ಕೂತು ಅತ್ತರು. ಆದರೆ ಕುಡಿತದ ಮಾತು ಆಗಲೇ ನೆಂಟರೆಲ್ಲರ ಮನೆ ಸುತ್ತಿ ಬಂದಿತ್ತು. ಸಂಕ್ರಾಂತಿಗೆ ಮುಂಚೆ ಎರಡನೇ ಸಲ ಸ್ಟ್ರೋಕ್ ಆಗಿ ಯಜಮಾನರು ಹೋಗಿಬಿಟ್ಟರು. ತಿಥಿಯ ಊಟದ ಪಂಕ್ತಿಯಲ್ಲಿ ಯಾರೋ "ಕುಡ್ದು ಕುಡ್ದೇ ಹೋದ್ರಂತೆ" ಎನ್ನುತ್ತಿದ್ದರು. ಹೋಗಿ ತಿದ್ದುವ ತ್ರಾಣ ನನ್ನಲ್ಲಿರಲಿಲ್ಲ.

ಜನರ ಮಾತು ಈಗ ಅಷ್ಟು ನೋಯಿಸುವುದಿಲ್ಲ. ನೋಯಿಸುವುದು ಆಸ್ಪತ್ರೆಯ ಆ ದಿನಗಳು. ಯಾರೇ ಒಳಗೆ ಬಂದರೂ, ಕಸ ಗುಡಿಸುವಾಕೆ ಬಂದರೂ, ಅವರು ಕಷ್ಟಪಟ್ಟು ತಲೆಯೆತ್ತಿ ಅದೊಂದೇ ಮಾತು ಹೇಳಿ, ಉತ್ತರಕ್ಕಾಗಿ ಬಂದವರ ಮುಖವನ್ನೇ ನೋಡುತ್ತಿದ್ದರು.