ಎಪ್ಪತ್ತೊಂದು ಡಬ್ಬಿಗಳ ಬಸವಣ್ಣೆಮ್ಮ

ಬೆಳಿಗ್ಗೆ ಎಂಟೂವರೆಗೆ ನಾನು ಪೇಪರ್ ಓದಬೇಕು, ಬಸವಣ್ಣೆಮ್ಮ ಬೈಯಬೇಕು. ಹನ್ನೆರಡು ವರ್ಷದಿಂದ ಹೀಗೇ ನಡೆದು ಬಂದಿದೆ. ಶಿಕಾರಿಪುರದ ಶಿರಾಳಕೊಪ್ಪ ರಸ್ತೆಯಲ್ಲಿ ನನ್ನದು ಪೇಪರ್ ಏಜೆನ್ಸಿ, ಜೊತೆಗೆ ಪೆನ್ನು ಪುಸ್ತಕದ ಅಂಗಡಿ. ಪಕ್ಕದ್ದು ಅವಳ ಮೋಟಾರ್ ವೈಂಡಿಂಗ್ ಶಾಪು. ಸುಟ್ಟ ಪಂಪ್‌ಸೆಟ್ಟಿನ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಮತ್ತೆ ಓಡುವಂತೆ ಮಾಡುವುದು ಅವಳ ಕಸುಬು. ಅಪ್ಪನಿಂದ ಕಲಿತದ್ದು. ಎರಡು ಕೈಯೂ ಸದಾ ತಂತಿಯಲ್ಲೇ ಇರುವುದರಿಂದ ಪೇಪರ್ ಹಿಡಿಯುವುದಕ್ಕೆ ಆಗುವುದಿಲ್ಲ, ಹಾಗಾಗಿ ನಾನು ಓದುತ್ತೇನೆ. ರಾಜಕೀಯ ಓದಿದರೆ ಅವಳಿಗೆ ಆಕಳಿಕೆ. ಕಂಪ್ಯೂಟರು, ಮೊಬೈಲು, ಹೊಸ ಯಂತ್ರ ಅಂದರೆ ಕಿವಿ ನೆಟ್ಟಗಾಗುತ್ತದೆ.

"ಮಡಚುವ ಫೋನ್ ಬಂದಿದೆಯಂತೆ, ಒಂದೂವರೆ ಲಕ್ಷ" ಅಂದರೆ, "ಮಡಚಾಕ ಅದೇನು ಪಂಚೇನ್ರೀ, ಪ್ರಸಾದಣ್ಣ?" ಅನ್ನುತ್ತಾಳೆ. ಫ್ರಿಜ್ಜಿಗೂ ಇಂಟರ್ನೆಟ್ ಬಂತು ಅಂದ ದಿನ, "ಮೊಸರು ಹುಳಿ ಆಗೈತಿ ಅಂತ ಹೇಳಾಕ ಮೂಗು ಐತಲ್ರೀ" ಅಂದಳು. ಪಾಸ್‌ವರ್ಡ್ ಬೇಡ, ಮುಖ ತೋರಿಸಿದರೆ ಸಾಕು ಅನ್ನುವ ಸುದ್ದಿಗೆ, "ಮುಖ ನೋಡಿ ಮಣೆ ಹಾಕೋದು ನಮ್ಮೂರಾಗ ಮೊದಲಿಂದ್ಲೂ ಐತಿ, ಹೊಸದೇನು ಬಂತು?" ಅಂದಳು. ಎಐ ಬಂದು ಕೋಟ್ಯಂತರ ಜನರ ಕೆಲಸ ಹೋಗುತ್ತದೆ ಎಂದು ನಾನು ಗಂಭೀರವಾಗಿ ಓದಿದರೆ, ನೆಲದ ಮೇಲಿದ್ದ ಐದು ಎಚ್‌ಪಿ ಮೋಟಾರನ್ನು ಕಾಲಲ್ಲಿ ತೋರಿಸಿ, "ಬರ್ಲಿ. ಬಂದು ಇದನ್ನ ಎತ್ತಿ ಆ ಮೂಲಿಗೆ ಇಡ್ಲಿ. ಆಮೇಲೆ ಮಾತಾಡೋಣು" ಅಂದಳು.

ಇಷ್ಟು ಕೇಳಿ ಅವಳನ್ನು ಹಳೇ ಕಾಲದವಳು ಅಂದುಕೊಂಡವರು ಮೋಸ ಹೋಗುತ್ತಾರೆ. ಈ ಸೀಮೆಯಲ್ಲಿ ಮೊಬೈಲಿನಿಂದ ಪಂಪ್‌ಸೆಟ್ ಚಾಲೂ ಮಾಡುವ ಡಬ್ಬಿಯನ್ನು ಸ್ವಂತ ಕೈಯಿಂದ ಜೋಡಿಸಿ ಕೊಟ್ಟ ಮೊದಲ ಹೆಂಗಸು ಅವಳೇ. ಮೊದಲ ಗಂಡಸು ಯಾರೆಂದು ನನಗಂತೂ ಗೊತ್ತಿಲ್ಲ. ಪಂಪ್‌ಸೆಟ್ಟಿನ ಕರೆಂಟು ತನಗೆ ತಿಳಿದ ಹೊತ್ತಿಗೆ ಬರುತ್ತದೆ, ಬಂದಾಗ ರೈತ ಎದ್ದು ಹೊಲಕ್ಕೆ ಓಡಬೇಕು. ಅದನ್ನು ನೋಡಲಾರದೆ ದಾವಣಗೆರೆಯಿಂದ ಬಿಡಿ ಸಾಮಾನು ತಂದು, ಒಂದು ಸಿಮ್ ಕೂರಿಸಿ, ಸ್ಟಾರ್ಟರಿಗೆ ತಂತಿ ಎಳೆದಳು. ಒಂದು ರಿಂಗಿಗೆ ಮೋಟಾರು ಚಾಲೂ, ಇನ್ನೊಂದು ರಿಂಗಿಗೆ ಬಂದ್. ತೊಗರ್ಸಿ, ಬಂದಳಿಕೆ, ಅತ್ತ ಸೊರಬ ತಾಲೂಕಿನ ಚಂದ್ರಗುತ್ತಿ ತನಕ ಅಂಥ ಎಪ್ಪತ್ತೊಂದು ಡಬ್ಬಿ ಕೂತವು.

ಡಬ್ಬಿಯೊಳಗೆ ಒಂದು ಬೀಗ ಇತ್ತು. ಐದು ನಂಬರ್ ಬರೆದಿಟ್ಟರೆ ಆ ಐದು ಫೋನಿನ ಮಾತು ಮಾತ್ರ ಕೇಳುತ್ತಿತ್ತು. ಆ ಬೀಗ ಯಾರಿಗೂ ಬೇಕಾಗಲಿಲ್ಲ. ನಮ್ಮಲ್ಲಿ ಒಬ್ಬರ ಮೋಟಾರು ಒಬ್ಬರದೇ ಆಗಿ ಎಂದೂ ಇದ್ದಿಲ್ಲ. ಮದುವೆಗೆ ಸೊರಬಕ್ಕೆ ಹೋದವನು ಛತ್ರದಲ್ಲಿ ಯಾರದೋ ಫೋನ್ ಇಸಕೊಂಡು ಮೋಟಾರು ಹಾಕುತ್ತಾನೆ. ಇವನ ಫೋನ್ ಚಾರ್ಜಿಲ್ಲದಿದ್ದರೆ ಪಕ್ಕದ ಹೊಲದವನು ಹಾಕುತ್ತಾನೆ. ಹೊಸ ಆಫರ್ ಬಂದ ತಿಂಗಳು ಅರ್ಧ ಊರೇ ಸಿಮ್ ಬದಲಿಸುತ್ತದೆ. "ಬೀಗ ಬ್ಯಾಡವ್ವಾ, ಎಲ್ರೂ ನಮ್ಮೋರೇ" ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಬಸವಣ್ಣೆಮ್ಮ ಎಪ್ಪತ್ತೊಂದನ್ನೂ ತೆರೆದೇ ಇಟ್ಟಳು. ಯಾರ ಫೋನಿನಿಂದ ರಿಂಗ್ ಬಂದರೂ ಮೋಟಾರು ತಿರುಗುತ್ತಿತ್ತು.

ಜನವರಿಯಲ್ಲಿ ಒಂದು ಸುದ್ದಿ ಓದಿದೆ. ಸಾಲ ಕೊಡ್ತೀವಿ, ವಿಮೆ ಮಾಡಿಸ್ರಿ ಅನ್ನುವ ಕರೆಗಳನ್ನು ಇನ್ನು ಯಂತ್ರಗಳೇ ಮಾಡುತ್ತವೆ, ಮನುಷ್ಯರ ದನಿಯಲ್ಲೇ ಮಾತಾಡುತ್ತವೆ, ದಿನಕ್ಕೆ ಲಕ್ಷಗಟ್ಟಲೆ ಜನರಿಗೆ ಎಂದು. ಬಸವಣ್ಣೆಮ್ಮ ನಕ್ಕಳು. "ಮಾಡ್ಲಿ ಬಿಡ್ರಿ. ಪಾಪ, ಫೋನ್ ಮಾಡೋ ಆ ಹುಡುಗೀರಿಗೆ ನಮ್ ಕೈಲಿ ಬೈಸ್ಕೊಳ್ಳೋದಾದ್ರೂ ತಪ್ತೈತಿ." ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತೊಗರ್ಸಿಯ ತಿಪ್ಪೇಶ ತನ್ನ ಬಾವಿಯ ಹತ್ತಿರ ಬಗ್ಗಿ ಪಂಪಿನ ಬೆಲ್ಟು ಬಿಗಿ ಮಾಡುತ್ತಿದ್ದ. ಕರೆಂಟು ಇತ್ತು, ಮೋಟಾರು ನಿಂತಿತ್ತು. ಅವನ ಮನೆಯವರು ಯಾರೂ ಫೋನ್ ಮಾಡಲಿಲ್ಲ, ನೆರೆಹೊರೆಯವರೂ ಮಾಡಲಿಲ್ಲ. ಆದರೂ ಮೋಟಾರು ತಿರುಗಿತು. ಕುತ್ತಿಗೆಗೆ ಸುತ್ತಿದ್ದ ಟವೆಲು ಬೆಲ್ಟಿಗೆ ಸಿಕ್ಕಿ ಎಳೆಯಿತು. ಟವೆಲು ಹಳೇದಾಗಿತ್ತು, ಹರಿಯಿತು, ಇವನು ಉಳಿದ. ಗಟ್ಟಿ ಟವೆಲಾಗಿದ್ದರೆ ಇಷ್ಟು ಹೊತ್ತಿಗೆ ಅವನ ಫೋಟೋಗೆ ಹಾರ ಬಿದ್ದಿರುತ್ತಿತ್ತು. ಗಂಟಲಿಗೆ ಬಿದ್ದ ಪೆಟ್ಟು ವಾಸಿಯಾಯಿತು. ಹೋದ ದನಿ ಮಾತ್ರ ಸರಿಯಾಗಿ ವಾಪಸ್ ಬರಲಿಲ್ಲ.

ಮೂರನೇ ದಿನ ಅವನ ಹೆಂಡತಿ ಹಾಲಮ್ಮ ಡಬ್ಬಿಯನ್ನು ತಂತಿ ಸಮೇತ ಕಿತ್ತು ತಂದು ಬಸವಣ್ಣೆಮ್ಮನ ಮೇಜಿನ ಮೇಲೆ ಇಟ್ಟಳು. ಬೈಯಲಿಲ್ಲ, ಅಳಲಿಲ್ಲ. "ತಗೋ ನಿನ್ ಡಬ್ಬಿ" ಎಂದು ಬಸ್ಸಿಗೆ ಹೊರಟುಹೋದಳು. ಬಸವಣ್ಣೆಮ್ಮ ಅವತ್ತು ತಂತಿ ಮುಟ್ಟಲಿಲ್ಲ. ಅವಳು ಕೈ ಕಟ್ಟಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಬ್ಬಿಗೆ ಕೊನೆಯ ಹತ್ತು ಕರೆಗಳ ನೆನಪಿರುತ್ತದೆ. ಹನ್ನೊಂದು ಗಂಟೆ ಆರು ನಿಮಿಷಕ್ಕೆ ಯಾವುದೋ ಪರಸ್ಥಳದ ನಂಬರಿನಿಂದ ಕರೆ ಬಂದಿತ್ತು. ಅವಳು ಡಬ್ಬಿಯ ಸಿಮ್ ತೆಗೆದು ಒಂದು ಹಳೇ ಫೋನಿಗೆ ಹಾಕಿ, ಮೇಜಿನ ಮೇಲೆ ಇಟ್ಟು ಕಾದಳು. ಮಾರನೇ ದಿನ ಅದೇ ನಂಬರಿನಿಂದ ರಿಂಗಾಯಿತು. "ನಮಸ್ಕಾರ ಸರ್, ನಿಮಗೆ ಐದು ಲಕ್ಷದವರೆಗೆ ಸಾಲ ಮಂಜೂರಾಗಿದೆ" ಎಂದು ಜೇನಿನಂಥ ದನಿ. ಬಸವಣ್ಣೆಮ್ಮ, "ಯಾರವ್ವಾ ನೀನು? ಎಲ್ಲಿಂದ ಮಾತಾಡ್ತಿ?" ಅಂದಳು. "ತುಂಬಾ ಸಂತೋಷ ಸರ್" ಎಂದಿತು ದನಿ. ಇವಳು ಬಾಯಿಗೆ ಬಂದದ್ದೆಲ್ಲ ಬೈದಳು. ದನಿ ಧನ್ಯವಾದ ಹೇಳಿತು.

ಫೋನ್ ಕೆಳಗಿಟ್ಟು ನನ್ನ ಮುಖ ನೋಡಿದಳು. "ಒಂದು ಯಂತ್ರ ಇನ್ನೊಂದು ಯಂತ್ರಕ್ಕ ಸಾಲ ಕೊಡಾಕ ಫೋನ್ ಮಾಡೈತಿ, ಪ್ರಸಾದಣ್ಣ. ನಡುವ ತಿಪ್ಪೇಶನ ಕುತ್ತಿಗಿ ಸಿಕ್ಕೈತಿ."

ನನಗೆ ತಡೆಯಲಾಗಲಿಲ್ಲ. ಮೇನ್ ಸ್ವಿಚ್ ತೆಗೆಯದೆ ಬೆಲ್ಟಿಗೆ ಕೈ ಹಾಕಿದ್ದು ಅವನದೇ ತಪ್ಪು, ಊರೆಲ್ಲ ಹಾಗೇ ಅನ್ನುತ್ತಿದೆ, ನೀನು ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಅಂದೆ.

"ಬಾಗ್ಲು ತೆರೆದಿಟ್ಟಾಕಿ ನಾನು. ನಾಯಿ ಒಳಗ ಬಂತು ಅಂತ ನಾಯಿಗೆ ಬೈಕೋತ ಕೂಡ್ಲೇನು?" ಎಂದು ಎದ್ದು, ಸುಣ್ಣದ ಗೋಡೆಯ ಮೇಲೆ ಇದ್ದಿಲು ಚೂರಿನಿಂದ ಎಪ್ಪತ್ತೊಂದು ಹೆಸರು ಬರೆದಳು. ಎಲ್ಲದಕ್ಕೂ ಬೀಗ ಹಾಕಿ ಬರುವವರೆಗೆ ವೈಂಡಿಂಗ್ ಇಲ್ಲ ಅಂದಳು.

ಬೇಸಿಗೆ ಶುರುವಾಗುವ ಹೊತ್ತು. ಮೋಟಾರುಗಳು ಸುಡುವ ಕಾಲ, ನಾಲ್ಕು ಕಾಸು ನೋಡುವ ಕಾಲ. ಸುಟ್ಟ ಮೋಟಾರು ಹೊತ್ತು ಬಂದವರು ಮುಚ್ಚಿದ ಶಟರ್ ನೋಡಿ ನನ್ನ ಮೇಲೆ ಹರಿಹಾಯುತ್ತಿದ್ದರು. ಅವಳು ಮೊಪೆಡ್ ಹತ್ತಿ ಊರೂರು ತಿರುಗಿದಳು. ಬೀಗ ಹಾಕಬೇಕಾದರೆ ಡಬ್ಬಿ ಬಿಚ್ಚಿ ಒಳಗಿನ ಬೋರ್ಡಿನಲ್ಲೇ ಹಾಕಬೇಕು, ದೂರದಿಂದ ಆಗುವ ಕೆಲಸವಲ್ಲ. ಹೋದಲ್ಲೆಲ್ಲ ಸನ್ಮಾನವೇನೂ ಆಗಲಿಲ್ಲ. "ನನ್ ಮೋಟ್ರು ಯಾರ್ ಹಾಕ್ಬೇಕು ಅಂತ ನೀ ಹೇಳ್ತೀಯೇನು?" ಎಂದು ಬಂದಳಿಕೆಯಲ್ಲಿ ಒಬ್ಬ ಬೇಲಿಯ ಗೇಟು ಹಾಕಿಕೊಂಡ. ಅವಳು ಗೇಟಿನ ಮುಂದೆ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ನೀರು ಕುಡಿದು, ಅಲ್ಲೇ ಕೂತಳು. ಮೂರು ಗಂಟೆಗೆ ಗೇಟು ತೆರೆಯಿತು. ಹೀಗೆ ಹತ್ತೊಂಬತ್ತು ದಿನದಲ್ಲಿ ಅರವತ್ತೊಂಬತ್ತು ಹೆಸರಿಗೆ ಗೆರೆ ಬಿತ್ತು.

ಎಪ್ಪತ್ತನೆಯದು ಚಂದ್ರಗುತ್ತಿಯ ವಿಘ್ನೇಶ್ವರ ಅವರದು. ಅಂದು ನಾನೂ ಹೋದೆ. ಅವಳ ಮೊಪೆಡ್ಡಿನ ಹಿಂದೆ ಕೂತು ಹೋಗುವುದು ನನ್ನ ವಯಸ್ಸಿಗೆ ಶೋಭೆಯಲ್ಲ, ನನ್ನ ಸೊಂಟಕ್ಕಂತೂ ಅಲ್ಲವೇ ಅಲ್ಲ. ವಿಘ್ನೇಶ್ವರ ಅವರು ದೊಡ್ಡ ಹಿಡುವಳಿದಾರರು. ನಾಲ್ಕು ಜನ ಅಣ್ಣತಮ್ಮಂದಿರಿಗೆ ಒಂದೇ ಬಾವಿ, ನೀರಿಗೆ ದಿನದ ಪಾಳಿ. ಪಾಳಿ ಯಾರದೋ ಅವರ ಮನೆಯ ಯಾರಾದರೂ ಫೋನ್ ಮಾಡಿ ಮೋಟಾರು ಹಾಕುತ್ತಾರೆ.

"ಎಂತ ಮಾರಾಯ್ತಿ, ಐದು ನಂಬರ್ ಎಲ್ಲಿ ಸಾಲ್ತದೆ? ನಮ್ಮನೆಯಲ್ಲಿ ಹದಿಮೂರು ಫೋನುಂಟು. ಯಾರದ್ದು ಬಿಡಲಿ? ಬಿಟ್ಟವರು ನನ್ನ ಜೊತೆ ಮಾತು ಬಿಡ್ತಾರೆ" ಎಂದರು ಅವರು. ಆ ಮಾತಿನಲ್ಲಿ ನ್ಯಾಯವಿತ್ತು. ಒಂದು ಬಾವಿಯ ನೀರಿನಿಂದ ಮನೆ ಒಡೆದದ್ದನ್ನು ನಾವೆಲ್ಲ ಕಂಡವರೇ. ನಾನು ಮನಸ್ಸಿನಲ್ಲೇ ಅವರ ಕಡೆ ಆದೆ.

ಬಸವಣ್ಣೆಮ್ಮ ವಾದ ಮಾಡಲಿಲ್ಲ. ಬಾವಿಯ ಮನೆಗೆ ಹೋಗಿ ಡಬ್ಬಿ, ಫ್ಯೂಜು ಎಲ್ಲ ಒಮ್ಮೆ ನೋಡಿ ಬಂದಳು. "ಆಗ್ಲಿ ರೀ. ಬೀಗ ಬ್ಯಾಡ. ಒಂದೇ ಕೆಲಸ ಮಾಡ್ರಿ. ಕರೆಂಟು ಐತಿ, ಡಬ್ಬಿ ದೀಪ ಉರಿಯಾಕತ್ತೈತಿ. ನಾವಿಬ್ರೂ ಮಜ್ಜಿಗೆ ಕುಡಿದು ಮುಗ್ಸೋ ತನಕ ಆ ಬೆಲ್ಟಿನ ಮ್ಯಾಲ ಕೈ ಇಟ್ಕೊಂಡ್ ನಿಲ್ರಿ. ನಾನು ತಿರುಗಿ ನೋಡದಂಗ ಹೋಗ್ತೀನಿ."

"ಅದೆಂತ ದೊಡ್ಡ ಮಾತು!" ಎಂದು ಅವರು ಬೆಲ್ಟಿನ ಮೇಲೆ ಕೈ ಇಟ್ಟರು. ಮಜ್ಜಿಗೆ ಬಂತು. ಅವಳು ನಿಧಾನವಾಗಿ ಗುಟುಕರಿಸಿದಳು. ವಿಘ್ನೇಶ್ವರ ಅವರು ಮೊದಲು ನಕ್ಕರು. ಆಮೇಲೆ ಡಬ್ಬಿಯ ದೀಪ ನೋಡಿದರು. ಇನ್ನೊಮ್ಮೆ ನೋಡಿದರು. ಲೋಟ ಅರ್ಧವಾಗಿತ್ತು. ಅಷ್ಟರಲ್ಲಿ ಬಸವಣ್ಣೆಮ್ಮನ ಚೀಲದಲ್ಲಿ ಅವಳ ಫೋನ್ ರಿಂಗಾಯಿತು.

ಅದು ಅವಳದೇ ಫೋನು. ಬೆಲ್ಟಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ವಿಘ್ನೇಶ್ವರ ಅವರು ಕೈ ಕಿತ್ತುಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಬಸವಣ್ಣೆಮ್ಮ ಫೋನ್ ತೆಗೆದು ಸ್ಪೀಕರ್ ಒತ್ತಿದಳು. "ನಮಸ್ಕಾರ ಸರ್, ನಿಮಗೆ ಐದು ಲಕ್ಷದವರೆಗೆ..." ದಿನಕ್ಕೆ ಆರು ಸಲ ಬರುವ ದನಿ ಸರಿಯಾದ ಹೊತ್ತಿಗೆ ಬಂದಿತ್ತು. ವಿಘ್ನೇಶ್ವರ ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ, "ಮನೆಗೆ ಒಂದರ ಹಾಗೆ ನಾಲ್ಕು ಹಾಕು. ಉಳಿದದ್ದು ನಮ್ಮ ಅಮ್ಮನ ನಂಬರು. ಅಮ್ಮನ ಜೊತೆ ಯಾರೂ ಮಾತು ಬಿಡೂದಿಲ್ಲ" ಅಂದರು.

ವಾಪಸ್ ಬರುವಾಗ ನಾನು ಹಿಂದಿನಿಂದ ಜಗಳ ತೆಗೆದೆ. ನಿಜವಾಗಿಯೂ ಡಬ್ಬಿಗೇ ಕರೆ ಬಂದಿದ್ದರೆ ಏನು ಗತಿ ಎಂದು ಕೂಗಿದೆ. ಅವಳು ಮೊಪೆಡ್ ನಿಲ್ಲಿಸಿ ಚೀಲದಿಂದ ಫ್ಯೂಜು ಕಟ್ಟುವ ಪಿಂಗಾಣಿ ತುಂಡು ಒಂದನ್ನು ತೆಗೆದು ತೋರಿಸಿದಳು. ಮೋಟಾರಿಗೆ ಹೋಗುವ ಮೂರನ್ನೂ ಮೊದಲೇ ಕಿತ್ತಿದ್ದಳು, ಎರಡನ್ನು ಬರುವಾಗ ಕೂರಿಸಿದ್ದಳು, ಇದೊಂದು ಮರೆತಿತ್ತು. "ಹುಚ್ಚೇನ್ರೀ ನನಗ?" ಎಂದು ಗಾಡಿ ತಿರುಗಿಸಿದಳು. ಅದನ್ನು ಕೊಟ್ಟು ಬರಲು ಮತ್ತೆ ಚಂದ್ರಗುತ್ತಿಗೆ ಹೋದೆವು. ನನ್ನ ಸೊಂಟದ ವಿಚಾರ ಯಾರೂ ಕೇಳಲಿಲ್ಲ.

ಗೋಡೆಯ ಮೇಲೆ ಉಳಿದದ್ದು ಒಂದೇ ಹೆಸರು, ತಿಪ್ಪೇಶ. ಅಷ್ಟೆಲ್ಲ ಗೇಟು ದಾಟಿದವಳು ಆ ಒಂದು ಮನೆಗೆ ನಾಲ್ಕು ದಿನ ಹೋಗಲಿಲ್ಲ. ಭಯ ಅಂತ ಅವಳೇ ಹೇಳಿದಳು. "ಹಾಲಮ್ಮ ಬೈದಿದ್ರ ಹೋಗ್ತಿದ್ದೆ ಪ್ರಸಾದಣ್ಣ. ಬೈಲಿಲ್ಲಲ್ಲ, ಅದಕ್ಕ ಕಾಲು ಬರವಲ್ದು." ಐದನೇ ದಿನ ಡಬ್ಬಿಯನ್ನು ಒರೆಸಿ, ಸಿಮ್ ಮತ್ತೆ ಕೂರಿಸಿ, ಬೆಲ್ಟಿಗೆ ಮುಚ್ಚಲು ತಗಡಿನ ಗೂಡೊಂದನ್ನು ತಾನೇ ಮಾಡಿಕೊಂಡು ಹೊರಟಳು. ನಾನು ಕೇಳದೆಯೇ ಹಿಂದೆ ಹತ್ತಿದೆ.

ತಿಪ್ಪೇಶ ಕಟ್ಟೆಯ ಮೇಲೆ ಕೂತಿದ್ದ. ಹಾಲಮ್ಮ ನೀರು ತಂದಿಟ್ಟಳು. ಬಸವಣ್ಣೆಮ್ಮ ನೀರು ಮುಟ್ಟಲಿಲ್ಲ. "ತಪ್ಪು ನಂದು ತಿಪ್ಪೇಶ. ಬೀಗ ಇತ್ತು, ನಾನು ಹಾಕ್ಲಿಲ್ಲ" ಅಂದಳು. ಡಬ್ಬಿಯನ್ನು ಅವನ ಮುಂದೆ ಇಟ್ಟಳು. ಅವನು ಡಬ್ಬಿಯನ್ನು ತಿರುವಿ ನೋಡಿದ. ಎರಡೆಕರೆ ಜೋಳ ಕಾಯುತ್ತಿತ್ತು. ಅವನು ಮೋಟಾರಿನ ಹತ್ತಿರ ಹೋಗುತ್ತಿಲ್ಲ, ಹಾಲಮ್ಮನನ್ನು ಕಳಿಸಲು ಅವನಿಗೆ ಮನಸ್ಸಿಲ್ಲ ಎಂದು ಊರಲ್ಲಿ ಕೇಳಿದ್ದೆವು.

"ಐದು ನಂಬರ್ ಹೇಳು" ಅಂದಳು ಬಸವಣ್ಣೆಮ್ಮ.

"ಐದು ಬ್ಯಾಡಕ್ಕಾ. ಒಂದು ಸಾಕು."

"ನಿಂದಾ?"

"ಅಲ್ಲ. ನಿಂದು." ಗೊಗ್ಗರು ದನಿಯಲ್ಲಿ ನಿಧಾನವಾಗಿ ಹೇಳಿದ. "ನಾ ನಿನಗ ಫೋನ್ ಮಾಡ್ತೀನಿ. ನೀ ಕೇಳಿ ಹಾಕು."

ಹಾಲಮ್ಮ ಆಗ ಮೊದಲ ಸಲ ಬಾಯಿ ಬಿಟ್ಟಳು. "ನೀರು ಕುಡಿ" ಎಂದಳು.

ಅದಾಗಿ ಎರಡು ತಿಂಗಳಾಯಿತು. ಅಂಗಡಿ ತೆರೆದಿದೆ, ಮೋಟಾರುಗಳು ಸಾಲು ಬಿದ್ದಿವೆ, ನಾನು ಪೇಪರ್ ಓದುತ್ತೇನೆ. ಮನೆಯ ಯಂತ್ರಗಳೆಲ್ಲ ಇನ್ನು ಮನುಷ್ಯರನ್ನು ಕೇಳದೆ ತಾವೇ ಕೆಲಸ ಶುರು ಮಾಡುತ್ತವೆ ಎಂದು ಇವತ್ತು ಓದುತ್ತಿದ್ದೆ. ಅವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಫೋನ್ ಬಂತು. ಸುತ್ತುತ್ತಿದ್ದ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡಳು. ಆಮೇಲೆ ತಂತಿಯನ್ನು ನನ್ನ ಕೈಗೆ ಕೊಟ್ಟಳು.

"ಎಲ್ಲಿದ್ದಿ ತಿಪ್ಪೇಶ?"

"ಕಟ್ಟಿ ಮ್ಯಾಲ ಅಕ್ಕಾ."

"ಹಾಲಮ್ಮ?"

"ಇಲ್ಲೇ ಪಕ್ಕದಾಗ."

"ಟವೆಲ್ಲು?"

"ಗೂಟಕ್ಕ ಹಾಕೀನಿ."

ಅವಳು ಫೋನ್ ಇಟ್ಟು, ಡಬ್ಬಿಯ ನಂಬರು ಒತ್ತಿ, ಒಂದು ರಿಂಗು ಕೊಟ್ಟಳು.