ಒ ಗುಂಪಿಗೂ ಒಗ್ಗದ ರಕ್ತ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯ ರಕ್ತಭಂಡಾರದಲ್ಲಿ ಗಾಜಿನ ನಳಿಗೆ ತೊಳೆಯುವ ಕೆಲಸಕ್ಕಿದ್ದೆ. ಓದಿದ್ದು ನಾಲ್ಕನೆಯ ಇಯತ್ತೆ. ವಡಗಾವಿಯಲ್ಲಿ ಬಾಡಿಗೆ ಕೋಣೆ. ತವರು ಖಾನಾಪುರ ತಾಲೂಕಿನ ಬೀಡಿ ಎಂಬ ಊರು. ಅಲ್ಲಿ ತಮ್ಮ ಬಸು ಹೊಲ ನೋಡಿಕೊಂಡಿದ್ದ.

ಮಧ್ಯಾಹ್ನ ಟೆಕ್ನಿಷಿಯನ್ ಪಾಟೀಲರು ಊಟಕ್ಕೆ ಹೋದರೆ ಭಂಡಾರ ಬಾವಿಯೊಳಗಿನಂತೆ ತಣ್ಣಗಿರುತ್ತಿತ್ತು. ಕಿಟಕಿಯ ಬೆಳಕು ನಳಿಗೆಗಳ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ, ಯಾರನ್ನೂ ಕೇಳದೆ, ಬೆರಳಿಗೆ ಸೂಜಿ ಚುಚ್ಚಿಕೊಂಡು ನನ್ನದೇ ರಕ್ತ ಪರೀಕ್ಷಿಸಿದೆ. ಅವರು ಮಾಡುವುದನ್ನು ನೋಡಿ ಕಲಿತಿದ್ದೆ. ನನ್ನ ಗುಂಪು ಒ ಎಂದು ಬಂತು. ಆಮೇಲೆ ನನ್ನ ರಕ್ತದ ತಿಳಿಗೆ, ಅಂದರೆ ಸೀರಮ್ಮಿಗೆ, ಬಾಟಲಿಯ ಒ ರಕ್ತ ಬೆರೆಸಿದೆ. ಸಮನಾಗಿ ಬೆರೆಯಬೇಕಿತ್ತು, ಹಾಲೊಡೆದಂತೆ ಗಂಟು ಗಂಟಾಯಿತು. ನಳಿಗೆಯಲ್ಲಿ ಸಾಬೂನು ಉಳಿದಿರಬೇಕು, ತಪ್ಪು ನನ್ನದೇ ಎಂದುಕೊಂಡೆ. ಮೋರಿಗೆ ಚೆಲ್ಲಿ ಸುಮ್ಮನಾದೆ.

ಎರಡು ವರ್ಷದ ನಂತರ ಬಸು ಹೊಟ್ಟೆಯ ಹುಣ್ಣಿನಿಂದ ರಕ್ತ ಕಾರಿಕೊಂಡ. ಖಾನಾಪುರ ದಾಟಿ ಬೆಳಗಾವಿಗೆ ತರುವಷ್ಟರಲ್ಲಿ ಬೂದಿಯಂತೆ ಬಿಳಿಚಿದ್ದ. ಅವನದೂ ಒ. ರಕ್ತ ಕೊಡುವ ಮೊದಲು ಪಾಟೀಲರು ಹೊಂದಾಣಿಕೆ ನೋಡುವ ಕ್ರಾಸ್‌ಮ್ಯಾಚ್ ಮಾಡಿದರು. ಮೊದಲ ಬಾಟಲಿ ಗಂಟುಗಟ್ಟಿತು. ಎರಡನೆಯದೂ, ಮೂರನೆಯದೂ.

“ಗೌರವ್ವಾ, ನಳಿಗಿ ತೊಳೀತಿಯೋ, ಬರೇ ತೋಯಿಸ್ತಿಯೋ?” ಅಂದರು ಪಾಟೀಲರು.

“ಮತ್ತ ತೊಳೀತೀನ್ರಿ,” ಅಂದೆ.

ಒಂದು ತಾಸು ತೊಳೆದೆ. ನನ್ನ ರಕ್ತವೂ ಹೀಗೇ ಗಂಟಾಗಿತ್ತೆಂದು ಹೇಳಿದರೆ ಕದ್ದು ಮಾಡಿದ ಪರೀಕ್ಷೆ ಹೊರಬೀಳುತ್ತದೆ, ಕೆಲಸ ಹೋಗುತ್ತದೆ ಎಂಬ ಅಂಜಿಕೆ. ಬೆರಳ ಸಂದಿಯಲ್ಲಿ ನೀರು ಹರಿಯುತ್ತಿತ್ತು. ಆ ನೀರಿನಡಿಯಲ್ಲಿ ಬಸು ಕಣ್ಣು ಮುಚ್ಚಿಕೊಂಡು ದೂರ ತೇಲಿ ಹೋಗುತ್ತಿರುವಂತೆ ಕಂಡಿತು. ಹೊಸ ನಳಿಗೆಗಳಲ್ಲೂ ರಕ್ತ ಗಂಟುಗಟ್ಟಿದಾಗ ಬಾಯಿಬಿಟ್ಟೆ.

“ಸಾಹೇಬ್ರ, ನಂದೂ ಹಿಂಗ ಆಗಿತ್ರಿ.”

“ಯಾವಾಗ?”

“ಎರಡ ವರ್ಷ ಆತ್ರಿ.”

ಪಾಟೀಲರು ಬೈಯಲಿಲ್ಲ. ನನ್ನ ತೋಳಿನಿಂದ ರಕ್ತ ತೆಗೆದು ಬಸುವಿನದಕ್ಕೆ ಬೆರೆಸಿದರು. ಕೆಂಪು ಹೊಗೆಯಂತೆ ಸಮನಾಗಿ ಹರಡಿತು. ನನ್ನದೊಂದು ಬಾಟಲಿ ಅವನೊಳಗೆ ಇಳಿಯಿತು. ಅವನು ಉಳಿದ. ಎಡಗಣ್ಣು ಮಾತ್ರ ಮಬ್ಬಾಯಿತು. ರಕ್ತ ಸಿಗುವುದು ತಡವಾದರೆ ಹೀಗೂ ಆಗುತ್ತದೆಯಂತೆ.

ಮರುದಿನ ರಕ್ತಭಂಡಾರದ ಡಾಕ್ಟರಬಾಯಿ ನನ್ನನ್ನು ಕೂರಿಸಿಕೊಂಡು ತಿಳಿಸಿದರು: “ರಕ್ತಕಣದ ಮೈಮ್ಯಾಲಿನ ಪ್ರೋಟೀನಿಗೆ ಸಕ್ಕರಿ ಕೊಂಬಿಗೋಳು ಅಂಟಿರ್ತಾವ. ಎ, ಬಿ ಅನ್ನೂದು ಕೊಂಬಿಯ ತುದಿ. ಒ ಮಂದಿಗೆ ಆ ತುದಿ ಇಲ್ಲ, ಬುಡ ಐತಿ. ನಿಮ್ಮಿಬ್ರಿಗೆ ಬುಡದ ಸಕ್ಕರಿನೂ ಇಲ್ಲ. ಅದಕ್ಕ ಒ ರಕ್ತದಾಗಿನ ಬುಡಾನೂ ಪರಕೀ ಅಂತ ತಿಳದು ನಿಮ್ಮ ರಕ್ತದ ತಿಳಿ ಅದನ್ನ ಗಂಟ ಕಟ್ಟತೈತಿ. ಇದಕ್ಕ ಬಾಂಬೆ ಗ್ರೂಪ್ ಅಂತಾರ.”

ಮಂಗಗಳಲ್ಲೂ ಎ, ಬಿ ಇವೆಯಂತೆ. ಲಕ್ಷಾಂತರ ವರ್ಷ ರೋಗಾಣುಗಳು ಈ ಸಕ್ಕರೆ ಹಿಡಿದೇ ಮೈಯೇರುತ್ತಿದ್ದುದರಿಂದ ಮನುಷ್ಯನ ರಕ್ತ ಅದನ್ನು ಬದಲಿಸುತ್ತ ಬಂದಿರಬಹುದು ಎಂದರು. ನಮ್ಮವ್ವನನ್ನು ಸೋದರಮಾವನಿಗೇ ಕೊಟ್ಟಿದ್ದರು. ಒಂದೇ ಕೊರತೆ ಎರಡೂ ಕಡೆಯಿಂದ ಬಂದು ನಮ್ಮಲ್ಲಿ ಕೂಡಿತ್ತು. ಎಷ್ಟೋ ಅಜ್ಜಿಯರ ಹಿಂದೆ, ಹೆಸರೇ ಇಲ್ಲದ ಒಬ್ಬಳ ರಕ್ತದಿಂದ ಒಂದು ಸಕ್ಕರೆ ಕಳಚಿ ಬಿದ್ದದ್ದನ್ನು ಇಂದಿಗೂ ಕನಸಿನಲ್ಲಿ ಕಾಣುತ್ತೇನೆ. ಸದ್ದೇ ಆಗುವುದಿಲ್ಲ.

ಬಸು ಸಿಕ್ಕವರಿಗೆಲ್ಲ “ಅಕ್ಕನ ರಕ್ತದಾಗ ಬದುಕೀನಿ” ಎನ್ನುತ್ತಿದ್ದ. ಏಳು ವರ್ಷ ಕೇಳಿಕೊಂಡು ಕೂತೆ. ಒಂದು ಮುಂಜಾನೆ ಬೀಡಿಯ ಹೊಲದ ಬದುವಿನ ಮೇಲೆ ಆ ಒಂದು ತಾಸಿನ ಸಂಗತಿ ಹೇಳಿದೆ.

ಅವನು ಹುಲ್ಲುಕಡ್ಡಿ ಕಚ್ಚುತ್ತ ಕೂತ. “ಗೊತ್ತೈತಿ. ನಾ ಆಸ್ಪತ್ರ್ಯಾಗ ಇದ್ದಾಗನ ಪಾಟೀಲ ಸಾಹೇಬ್ರು ಹೇಳಿದ್ರು.”

“ಮತ್ಯಾಕ ಕೇಳಲಿಲ್ಲೋ?”

“ನೀನ ಹೇಳತೀ ಅಂತ ಹಾದಿ ನೋಡಿದ್ನಿ ಅಕ್ಕಾ. ಭಾಳ ತಡಾ ಮಾಡಿದಿ.”

ನಳಿಗೆಯಲ್ಲಿ ತಿಳಿಯದ್ದೇನಾದರೂ ಕಂಡರೆ ಚೆಲ್ಲುವ ಮೊದಲು ಒಬ್ಬರಿಗೆ ತೋರಿಸಬೇಕು, ತಪ್ಪು ನಮ್ಮದೇ ಅನ್ನಿಸಿದರೂ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದರ ಬೆಲೆಯನ್ನು ನನ್ನ ತಮ್ಮ ತೆತ್ತ.